ಒಂದೇ ಸಾಲನ್ನು ಎಷ್ಟು ಸಲ ಹಾಡುತ್ತಾರೆ? ಸಂಗೀತ ರಸಗ್ರಹಣ ತರಗತಿಯ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಇದು ಒಂದು ವಿಶ್ವವಿದ್ಯಾಲಯದಲ್ಲಿ ಸಂಗೀತ ರಸಗ್ರಹಣವನ್ನು ಐಚ್ಛಿಕ ಪತ್ರಿಕೆಯಾಗಿ ಕಲಿಸಿದ ಒಂದು ಸೆಮಿಸ್ಟರಿನ ವರದಿ. ಕಲಿಸಿದ ಅಧ್ಯಾಪಕಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಸಂಸ್ಥೆಯ, ಅಧ್ಯಾಪಕಿಯ, ವಿದ್ಯಾರ್ಥಿಗಳ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತರಗತಿಯಲ್ಲಿ ಕೈಗೊಂಡ ನಿರ್ಧಾರಗಳನ್ನು ಮಾತ್ರ ಇದ್ದ ಹಾಗೆಯೇ ಇಟ್ಟಿದ್ದೇನೆ. ಸಹೋದ್ಯೋಗಿಯಾಗಿ ನಾನು ಹಿಂದಿನ ಸಾಲಿನಲ್ಲಿ ಕುಳಿತು ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ.

ತರಗತಿಯಲ್ಲಿ ಸುಮಾರು ನಲವತ್ತು ಮಂದಿ ಇದ್ದರು. ವಾಣಿಜ್ಯ, ಸಂಖ್ಯಾಶಾಸ್ತ್ರ, ರಸಾಯನಶಾಸ್ತ್ರ, ಇತಿಹಾಸ ಹೀಗೆ ಬೇರೆ ಬೇರೆ ವಿಭಾಗಗಳಿಂದ ಬಂದವರು. ಹೆಚ್ಚಿನವರು ಸಂಗೀತವನ್ನು ಕ್ರಮವಾಗಿ ಕಲಿತವರಲ್ಲ. ಆದರೆ ದಿನಕ್ಕೆ ಹಲವು ಗಂಟೆ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹಾಡು ಕೇಳುವವರು. ಒಬ್ಬ ವಿದ್ಯಾರ್ಥಿ ಮಾತ್ರ ಬಾಲ್ಯದಿಂದ ಕರ್ನಾಟಕ ಸಂಗೀತ ಕಲಿತು ಪರೀಕ್ಷೆಗಳನ್ನೂ ಮುಗಿಸಿದ್ದ. ಅಧ್ಯಾಪಕಿ ಸ್ವತಃ ಗಾಯಕಿ. ಹಿಂದೂಸ್ತಾನಿ ಪದ್ಧತಿಯ ಪರಿಚಯವೂ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಓದೂ ಅವರಿಗಿದ್ದವು.

ಪಠ್ಯಕ್ರಮ ಎಲ್ಲ ಕಡೆ ಇರುವಂಥದ್ದೇ. ನಾದ, ಶ್ರುತಿ, ಸ್ವರ, ತಾಳಗಳ ಲಕ್ಷಣ, ರಾಗಗಳನ್ನು ವಿಂಗಡಿಸುವ ವೆಂಕಟಮಖಿಯ 72 ಮೇಳಗಳ ಯೋಜನೆ, ವಾಗ್ಗೇಯಕಾರರ ಜೀವನ, ವಾದ್ಯಗಳ ವರ್ಗೀಕರಣ, ಕೊನೆಯ ಘಟಕದಲ್ಲಿ ಬೇರೆ ದೇಶಗಳ ಸಂಗೀತಕ್ಕೆ ಸ್ವಲ್ಪ ಜಾಗ. ಪ್ರತಿ ಘಟಕದ ಕೊನೆಗೆ ಕಂಸದೊಳಗೆ ‘ಧ್ವನಿಮುದ್ರಿಕೆಗಳನ್ನು ಕೇಳಿಸುವುದು’ ಎಂದು ಬರೆದಿತ್ತು.

ಸಮಸ್ಯೆ

ಮೊದಲ ಆಂತರಿಕ ಪರೀಕ್ಷೆಯ ಉತ್ತರಪತ್ರಿಕೆಗಳು ಚೆನ್ನಾಗಿಯೇ ಇದ್ದವು. ತ್ಯಾಗರಾಜರ ಕಾಲ 1767ರಿಂದ 1847 ಎಂದು ಬಹುತೇಕ ಎಲ್ಲರೂ ಸರಿಯಾಗಿ ಬರೆದಿದ್ದರು. 72 ಮೇಳಗಳಲ್ಲಿ ಮೊದಲ 36 ಶುದ್ಧ ಮಧ್ಯಮದವು, ಉಳಿದ 36 ಪ್ರತಿ ಮಧ್ಯಮದವು ಎಂಬುದನ್ನು ಕೋಷ್ಟಕ ಹಾಕಿ ತೋರಿಸಿದ್ದರು. ಆಲಾಪನೆ ಎಂದರೆ ತಾಳದ ಕಟ್ಟಿಲ್ಲದೆ ರಾಗದ ಸ್ವರೂಪವನ್ನು ವಿಸ್ತರಿಸುವುದು ಎಂಬ ವ್ಯಾಖ್ಯಾನ ಹೆಚ್ಚುಕಡಿಮೆ ಎಲ್ಲ ಪತ್ರಿಕೆಗಳಲ್ಲೂ ಒಂದೇ ವಾಕ್ಯದಲ್ಲಿ ಇತ್ತು.

ಪರೀಕ್ಷೆಯ ನಂತರದ ತರಗತಿಯಲ್ಲಿ ಅಧ್ಯಾಪಕಿ ಒಂದು ಕಚೇರಿಯ ಧ್ವನಿಮುದ್ರಿಕೆ ಹಾಕಿದರು. ಆಲಾಪನೆ ಮುಗಿದು ಕೃತಿ ಶುರುವಾಗುವ ಭಾಗ ಅದು. ‘ಆಲಾಪನೆ ಎಲ್ಲಿ ಮುಗಿಯಿತು ಅನ್ನಿಸುತ್ತದೆಯೋ ಅಲ್ಲಿ ಕೈ ಎತ್ತಿ’ ಎಂದರು. ಗಾಯಕರು ರಾಗವನ್ನು ಮುಗಿಸಿದರು, ಪಿಟೀಲಿನವರು ತಮ್ಮ ಸರದಿ ಮುಗಿಸಿದರು, ಸಾಹಿತ್ಯ ಬಂತು, ಮೃದಂಗ ಬಂತು. ಸಂಗೀತ ಕಲಿತಿದ್ದ ಹುಡುಗ ಕೈ ಎತ್ತಿದ. ಅವನನ್ನು ನೋಡಿ ನಾಲ್ಕೈದು ಜನ ಎತ್ತಿದರು. ಉಳಿದವರು ಒಬ್ಬರ ಮುಖವನ್ನೊಬ್ಬರು ನೋಡಿದರು. ಮೃದಂಗದ ಮೊದಲ ಪೆಟ್ಟು ಅಷ್ಟು ಸ್ಪಷ್ಟವಾಗಿ ಬಿದ್ದಿದ್ದರೂ ತರಗತಿ ಅದನ್ನು ದಾಟಿ ಹೋಗಿತ್ತು.

ಇದನ್ನು ವಿದ್ಯಾರ್ಥಿಗಳ ಅಸಡ್ಡೆ ಎಂದು ತಳ್ಳಿಹಾಕಬಹುದಿತ್ತು. ಅಧ್ಯಾಪಕಿ ಹಾಗೆ ಮಾಡಲಿಲ್ಲ. ಈ ಮಕ್ಕಳಿಗೆ ಕಿವಿ ಇದೆ, ಆದರೆ ಸಂಗೀತ ನಡೆಯುತ್ತಿರುವಾಗ ಏನನ್ನು ಹಿಡಿಯಬೇಕು ಎಂಬುದು ಗೊತ್ತಿಲ್ಲ; ಪಾಠಗಳು ಅದನ್ನು ಹೇಳಿಯೂ ಇಲ್ಲ ಎಂಬುದು ಅವರ ನಿರ್ಣಯವಾಗಿತ್ತು. ಈ ನಿರ್ಣಯ ಸರಿಯಾಗಿತ್ತೆಂದು ಮುಂದಿನ ವಾರಗಳು ತೋರಿಸಿದವು.

ಮೊದಲ ಪ್ರಯತ್ನ: ಅವರವರ ಮೆಚ್ಚಿನ ಹಾಡು

ಮೊದಲು ಮಾಡಿದ್ದು ಎಲ್ಲರೂ ಸಾಮಾನ್ಯವಾಗಿ ಸಲಹೆ ಕೊಡುವ ಉಪಾಯ. ವಿದ್ಯಾರ್ಥಿಗಳು ತಮಗೆ ಇಷ್ಟವಾದ ಹಾಡನ್ನು ತಂದು ಕೇಳಿಸಿ ಅದರ ಬಗ್ಗೆ ಮಾತನಾಡಬೇಕು. ತರಗತಿಗೆ ಜೀವ ಬಂತು, ನಿಜ. ಹಾಜರಾತಿಯೂ ಏರಿತು. ಆದರೆ ಮಾತು ಬೇಗನೆ ಹಾಡನ್ನು ಬಿಟ್ಟು ಹಾಡಿದವರ ಮೇಲೆ, ಆ ಹಾಡು ಕೇಳಿದಾಗಿನ ನೆನಪುಗಳ ಮೇಲೆ ಹೊರಳಿತು. ಒಬ್ಬಳು ತಂದ ಹಾಡನ್ನು ಇನ್ನೊಬ್ಬ ‘ಇದು ಬರೀ ಗಲಾಟೆ’ ಎಂದ. ಅವನ ಹಾಡನ್ನು ಅವಳು ‘ಇದು ನಿದ್ದೆ ಮಾತ್ರೆ’ ಎಂದಳು. ಇಬ್ಬರೂ ತಮ್ಮ ಮಾತಿಗೆ ಹಾಡಿನೊಳಗಿಂದ ಒಂದು ಆಧಾರವನ್ನೂ ಕೊಡಲಿಲ್ಲ, ಕೊಡುವ ದಾರಿಯೂ ಅವರಿಗೆ ಗೊತ್ತಿರಲಿಲ್ಲ. ಅಭಿರುಚಿಯ ಮೇಲಿನ ಇಂಥ ಜಗಳ ಎಷ್ಟು ಹೊತ್ತು ನಡೆದರೂ ಯಾರ ಕಿವಿಯೂ ಒಂದಿಷ್ಟೂ ಚುರುಕಾಗುವುದಿಲ್ಲ. ಅಧ್ಯಾಪಕಿ ಈ ಕ್ರಮವನ್ನು ನಿಲ್ಲಿಸಿದರು, ಆದರೆ ಆ ಹಾಡುಗಳ ಪಟ್ಟಿಯನ್ನು ಎಸೆಯಲಿಲ್ಲ. ಅದು ಮುಂದೆ ಉಪಯೋಗಕ್ಕೆ ಬಂತು.

ತಿರುವು

ತ್ಯಾಗರಾಜರ ‘ಚಕ್ಕನಿ ರಾಜ ಮಾರ್ಗಮು’ ಕೃತಿಯನ್ನು ಕೇಳಿಸುತ್ತಿದ್ದ ದಿನ. ಖರಹರಪ್ರಿಯ ರಾಗ, ಆದಿ ತಾಳ. ಪಲ್ಲವಿಯ ಸಾಲಿಗೆ ಸಂಗತಿಗಳ, ಅಂದರೆ ಅದೇ ಸಾಲನ್ನು ಸ್ವಲ್ಪ ಸ್ವಲ್ಪ ಬದಲಿಸಿ ಹಾಡುವ ರೂಪಗಳ, ಸರಮಾಲೆಯೇ ಇರುವ ಕೃತಿ. ಸಂಖ್ಯಾಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ತಾಳ್ಮೆಗೆಟ್ಟು ಕೇಳಿದಳು: ‘ಮೇಡಂ, ಒಂದೇ ಸಾಲನ್ನು ಎಷ್ಟು ಸಲ ಹಾಡುತ್ತಾರೆ? ಮುಂದಕ್ಕೆ ಹೋಗುವುದೇ ಇಲ್ಲವಲ್ಲ.’

ಸಂಗತಿ ಎಂದರೇನು, ಅದನ್ನು ಕೃತಿಯ ಅಂಗವಾಗಿ ಬೆಳೆಸುವುದರಲ್ಲಿ ತ್ಯಾಗರಾಜರ ಪಾತ್ರವೇನು ಎಂದು ಪಾಠ ಶುರುಮಾಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಬಹುಪಾಲು ಅಧ್ಯಾಪಕರು ಹಾಗೆಯೇ ಮಾಡುತ್ತಾರೆ. ಇವರು ಮಾಡಲಿಲ್ಲ. ‘ಒಂದೇ ಸಾಲು ಎನ್ನುವುದು ಖಚಿತವೇನಮ್ಮ? ಮತ್ತೊಮ್ಮೆ ಹಾಕುತ್ತೇನೆ. ಹಿಂದಿನ ಸಲಕ್ಕಿಂತ ಏನಾದರೂ ಬೇರೆ ಆಯಿತು ಅನ್ನಿಸಿದ ಕೂಡಲೇ ಎಲ್ಲರೂ ಕೈ ಎತ್ತಿ’ ಎಂದರು.

ಮೊದಲ ಸುತ್ತಿನಲ್ಲಿ ಕೆಲವೇ ಕೈಗಳು ಮೇಲೆದ್ದವು. ಎರಡನೆಯ ಸುತ್ತಿನಲ್ಲಿ ಹೆಚ್ಚಾದವು. ಆಗ ಒಂದು ಕಡೆ ತಕರಾರು ಬಂತು. ಸಾಲು ಎರಡು ಸಲ ಬದಲಾಗದೆ ಬಂತೆಂದು ಒಂದು ಗುಂಪು, ಇಲ್ಲ, ಎರಡನೆಯ ಸಲ ಕೊನೆಯಲ್ಲಿ ಸ್ವರ ಸ್ವಲ್ಪ ಮೇಲಕ್ಕೆ ಹೋಯಿತು ಎಂದು ಇನ್ನೊಂದು ಗುಂಪು. ಅಧ್ಯಾಪಕಿ ಯಾರ ಪಕ್ಷವನ್ನೂ ವಹಿಸದೆ ಅಷ್ಟೇ ಭಾಗವನ್ನು ಮತ್ತೆ ಹಾಕಿದರು. ಮತ್ತೆ. ಆ ಹತ್ತು ಹದಿನೈದು ಸೆಕೆಂಡುಗಳನ್ನು ತರಗತಿ ಉಸಿರು ಹಿಡಿದು ಕೇಳಿತು. ‘ಬದಲಾಗಿಲ್ಲ’ ಎನ್ನುತ್ತಿದ್ದ ಗುಂಪಿನ ಹುಡುಗನೊಬ್ಬ ತಾನಾಗಿಯೇ ‘ಹೌದು, ಬದಲಾಗಿದೆ. ಆದರೆ ಕೊನೆಯಲ್ಲಲ್ಲ, ನಡುವೆ’ ಎಂದ. ಅವನು ಹೇಳಿದ್ದು ಸರಿ. ಕೊನೆಯಲ್ಲಿ ಎಂದವರೂ ಪೂರ್ತಿ ತಪ್ಪಲ್ಲ, ಏಕೆಂದರೆ ನಡುವಿನ ಬದಲಾವಣೆಯ ಬಾಲ ಕೊನೆಯವರೆಗೂ ಚಾಚಿತ್ತು.

ಈ ಪ್ರಕರಣದ ಕೇಂದ್ರ ಇದೇ ಎಂದು ನನ್ನ ಅಭಿಪ್ರಾಯ. ಮೆಚ್ಚಿನ ಹಾಡುಗಳ ತರಗತಿಯಲ್ಲೂ ಭಿನ್ನಾಭಿಪ್ರಾಯ ಇತ್ತು, ಇಲ್ಲೂ ಇತ್ತು. ಅಲ್ಲಿನದನ್ನು ಬಗೆಹರಿಸುವ ದಾರಿ ಇರಲಿಲ್ಲ. ಇಲ್ಲಿನದನ್ನು ಇನ್ನೊಮ್ಮೆ ಕೇಳಿ ಬಗೆಹರಿಸಬಹುದಿತ್ತು. ಉತ್ತರ ಪುಸ್ತಕದಲ್ಲಿ ಇರಲಿಲ್ಲ, ಅಧ್ಯಾಪಕಿಯ ಬಾಯಲ್ಲೂ ಇರಲಿಲ್ಲ, ಧ್ವನಿಮುದ್ರಿಕೆಯಲ್ಲಿ ಇತ್ತು. ಸಂಗತಿ ಎಂಬ ಹೆಸರನ್ನು ಅವರು ಆ ತರಗತಿಯ ಕೊನೆಗೆ ಹೇಳಿದರು. ಅಷ್ಟರಲ್ಲಿ ಹೆಸರಿಗೆ ಬೇಕಾದ ವಸ್ತು ಎಲ್ಲರ ಕಿವಿಯಲ್ಲೂ ಇತ್ತು.

ಮುಂದಿನ ವಾರ ಫ್ರೆಂಚ್ ಸಂಗೀತ ರಚನಕಾರ ರವೇಲ್‌ನ ‘ಬೊಲೆರೊ’. 1928ರ ಈ ಕೃತಿಯಲ್ಲಿ ಸ್ನೇರ್ ಡ್ರಮ್ ಮೊದಲಿನಿಂದ ಕೊನೆಯವರೆಗೂ ಒಂದೇ ಲಯದ ನಡೆಯನ್ನು ಬಿಡದೆ ನುಡಿಸುತ್ತದೆ, ಅದರ ಮೇಲೆ ಎರಡು ಭಾಗಗಳ ಒಂದೇ ಧಾಟಿ ಮರಳಿ ಮರಳಿ ಬರುತ್ತದೆ. ಪ್ರಶ್ನೆ ಹಿಂದಿನದೇ: ಏನು ಬದಲಾಯಿತು? ಧಾಟಿ ಬದಲಾಗುವುದಿಲ್ಲ, ಅದನ್ನು ನುಡಿಸುವ ವಾದ್ಯ ಬದಲಾಗುತ್ತದೆ. ಮೊದಲು ಕೊಳಲು, ಆಮೇಲೆ ಕ್ಲಾರಿನೆಟ್, ಆಮೇಲೆ ಬಸೂನ್, ಹಾಗೆಯೇ ವಾದ್ಯಗಳು ಕೂಡುತ್ತಾ ಹೋಗಿ ಕೊನೆಗೆ ಇಡೀ ವಾದ್ಯವೃಂದ. ತ್ಯಾಗರಾಜರಲ್ಲಿ ಕಂಠ ಒಂದೇ, ಸಾಲು ಬೆಳೆಯುತ್ತದೆ. ರವೇಲ್‌ನಲ್ಲಿ ಸಾಲು ಒಂದೇ, ಕಂಠಗಳು ಬದಲಾಗುತ್ತವೆ. ಇದನ್ನು ಅಧ್ಯಾಪಕಿ ಹೇಳಲಿಲ್ಲ. ಇತಿಹಾಸ ವಿಭಾಗದ ಒಬ್ಬಳು ಹೇಳಿದಳು. ಮುಕ್ತಾಯಕ್ಕೆ ಸ್ವಲ್ಪ ಮುನ್ನ ಸಂಗೀತದ ನೆಲೆ ಸಿ ಮೇಜರ್‌ನಿಂದ ಇ ಮೇಜರ್‌ಗೆ ಒಮ್ಮೆ ಜಿಗಿದು ಹಿಂತಿರುಗುವ ಜಾಗ ಬಂದಾಗ ಅರ್ಧಕ್ಕಿಂತ ಹೆಚ್ಚು ಕೈಗಳು ಒಟ್ಟಿಗೆ ಮೇಲೆದ್ದವು. ಏನಾಯಿತೆಂದು ಯಾರಿಗೂ ಹೇಳಲು ಬರಲಿಲ್ಲ, ಆದರೆ ಏನೋ ಆಯಿತೆಂಬುದು ಅವರ ಮುಖಗಳಲ್ಲೇ ಇತ್ತು.

ಕೈ ಎತ್ತುವ ಕ್ರಮದಲ್ಲಿ ಒಂದು ದೋಷ ಬೇಗ ಕಾಣಿಸಿತು. ಪಕ್ಕದವರ ಕೈ ನೋಡಿ ಕೈ ಎತ್ತುವವರು ಇದ್ದರು. ಹಾಗಾಗಿ ಎಲ್ಲರೂ ಕಣ್ಣು ಮುಚ್ಚಿ ಕೇಳಬೇಕೆಂಬ ನಿಯಮ ಬಂತು. ಇದರಿಂದ ಇನ್ನೊಂದು ಪ್ರಯೋಜನವೂ ಆಯಿತು. ಯಾರ ಕೈ ಸರಿಯಾದ ಕ್ಷಣಕ್ಕೆ ಏಳುತ್ತದೆ, ಯಾರದು ತಡವಾಗಿ ಏಳುತ್ತದೆ, ಯಾರದು ಎದ್ದು ಹಿಂಜರಿದು ಇಳಿಯುತ್ತದೆ ಎಂಬುದು ಅಧ್ಯಾಪಕಿಗೆ ಸ್ಪಷ್ಟವಾಗಿ ಕಾಣತೊಡಗಿತು. ತಡವಾಗಿ ಏಳುವ ಕೈಗಳ ಕಡೆಗೇ ಅವರು ಹೆಚ್ಚು ಗಮನ ಕೊಟ್ಟರು.

ಕಲಿತವನ ತೊಡಕು

ಸಂಗೀತ ಕಲಿತಿದ್ದ ಹುಡುಗನಿಂದ ತೊಂದರೆ ಆಗುತ್ತಿತ್ತು. ಅವನದು ಅಹಂಕಾರವಲ್ಲ, ಉತ್ಸಾಹ. ಧ್ವನಿಮುದ್ರಿಕೆ ಆರಂಭವಾಗುತ್ತಿದ್ದಂತೆ ರಾಗದ ಹೆಸರು ಹೇಳಿಬಿಡುತ್ತಿದ್ದ. ಹೆಸರು ಬಿದ್ದ ಕೂಡಲೇ ಉಳಿದವರು ಕೇಳುವುದನ್ನು ನಿಲ್ಲಿಸಿ ಬರೆದುಕೊಳ್ಳಲು ಶುರುಮಾಡುತ್ತಿದ್ದರು. ಅವನನ್ನು ಸುಮ್ಮನಿರಿಸಿದರೆ ಅವನ ಮನಸ್ಸು ಮುದುಡುತ್ತಿತ್ತು, ಬಿಟ್ಟರೆ ತರಗತಿ ಮುದುಡುತ್ತಿತ್ತು.

ಅಧ್ಯಾಪಕಿ ಅವನು ಕಲಿತ ಪದ್ಧತಿಯ ಆಚೆಗೆ ತರಗತಿಯನ್ನು ಕರೆದೊಯ್ದರು. ಹಿಂದೂಸ್ತಾನಿಯ ತೀನ್‌ತಾಲ್, ಹದಿನಾರು ಮಾತ್ರೆ (ತಾಳದ ಎಣಿಕೆ), ನಾಲ್ಕು ನಾಲ್ಕರ ನಾಲ್ಕು ವಿಭಾಗ. ಒಂಬತ್ತನೆಯ ಮಾತ್ರೆಯಲ್ಲಿ ಖಾಲಿ. ಆ ಭಾಗದಲ್ಲಿ ತಬಲಾವಾದಕರ ಎಡಗೈಯ ಡಗ್ಗಾದ ಗುಂಗು ಹಿಂದೆ ಸರಿದು ‘ತಿನ್ ತಿನ್ ತಾ’ ಎಂದು ಬಲಗೈಯ ಒಣ ಪೆಟ್ಟುಗಳೇ ಮುಂದೆ ನಿಲ್ಲುತ್ತವೆ. ಪ್ರಶ್ನೆ ಸರಳ: ತಳದ ಧ್ವನಿ ಎಲ್ಲಿ ಕಾಣೆಯಾಗುತ್ತದೆ, ಎಲ್ಲಿ ಮರಳುತ್ತದೆ?

ಕರ್ನಾಟಕ ಪದ್ಧತಿಯ ಹುಡುಗ ಅಭ್ಯಾಸಬಲದಿಂದ ಬೆರಳೆಣಿಕೆಗೆ ತೊಡಗಿದ, ಲೆಕ್ಕದಲ್ಲಿ ಸಿಕ್ಕಿಕೊಂಡ. ಅವನಿಗಿಂತ ಮೊದಲು ಖಾಲಿಯನ್ನು ಹಿಡಿದವರು ಇಯರ್‌ಫೋನಿನಲ್ಲಿ ಬೇಸ್ ಜೋರಾಗಿಟ್ಟು ಹಾಡು ಕೇಳುತ್ತಿದ್ದ ಹುಡುಗರು. ತಳದ ಧ್ವನಿಗೆ ಅವರ ಕಿವಿ ವರ್ಷಗಳಿಂದ ಪಳಗಿತ್ತು. ‘ಗಲಾಟೆ’ ಎಂದು ಯಾರ ಹಾಡನ್ನು ಜರೆಯಲಾಗಿತ್ತೋ ಆ ಹುಡುಗಿಯೇ ತಾಳದ ಪ್ರತಿ ಸುತ್ತಿನಲ್ಲೂ, ಅಂದರೆ ಪ್ರತಿ ಆವರ್ತನದಲ್ಲೂ, ತಪ್ಪದೆ ಕೈ ಎತ್ತಿದಳು. ಸಂಗೀತ ಕಲಿತವನು ಅವಳ ಕಡೆ ತಿರುಗಿ ‘ನಿನಗೆ ಹೇಗೆ ಗೊತ್ತಾಗುತ್ತದೆ?’ ಎಂದು ಕೇಳಿದ್ದನ್ನು ನಾನು ನನ್ನ ಟಿಪ್ಪಣಿಯಲ್ಲಿ ಅಡಿಗೆರೆ ಹಾಕಿ ಬರೆದುಕೊಂಡಿದ್ದೇನೆ. ಅಂದಿನಿಂದ ಅವನು ಹೆಸರು ಹೇಳುವುದನ್ನು ಕಡಿಮೆ ಮಾಡಿದ. ಯಾರೂ ಅವನಿಗೆ ಹೇಳಿರಲಿಲ್ಲ.

ಅದಾದ ಮೇಲೆಯೇ ಅಧ್ಯಾಪಕಿ ವಿದ್ಯಾರ್ಥಿಗಳ ಹಳೆಯ ಪಟ್ಟಿಯ ಹಾಡುಗಳನ್ನು ಹೊರತೆಗೆದರು. ಈಗ ಇಷ್ಟವೋ ಇಲ್ಲವೋ ಎಂಬ ಮಾತಿಲ್ಲ. ಪಲ್ಲವಿ ಎರಡನೆಯ ಸಲ ಬಂದಾಗ ಹೊಸದಾಗಿ ಯಾವ ವಾದ್ಯ ಸೇರಿತು? ಕೊನೆಯ ಪಲ್ಲವಿಗೆ ಮುನ್ನ ತಾಳವಾದ್ಯ ಎಲ್ಲಿ ನಿಂತಿತು, ನಿಂತದ್ದರಿಂದ ಏನಾಯಿತು? ತಮ್ಮದೇ ಹಾಡನ್ನು ನೂರಾರು ಸಲ ಕೇಳಿದವರು ಇದುವರೆಗೆ ಅದರಲ್ಲಿ ಕೇಳದೇ ಉಳಿದದ್ದನ್ನು ಕಂಡು ಬೆರಗಾದರು.

ಕೋಣೆ, ಸ್ಪೀಕರ್, ಷಡ್ಜ

ಎಲ್ಲವೂ ಸುಸೂತ್ರವಾಗಿ ಸಾಗಲಿಲ್ಲ. ಭೂಪಾಲಿ ಮತ್ತು ದೇಶಕಾರ್ ರಾಗಗಳ ಪಾಠ ಪೂರ್ತಿ ಕುಸಿಯಿತು. ಎರಡೂ ಔಡವ ರಾಗಗಳು, ಎರಡಕ್ಕೂ ಸ ರಿ ಗ ಪ ಧ ಎಂಬ ಅವೇ ಐದು ಸ್ವರ. ಭೂಪಾಲಿಯಲ್ಲಿ ಗಾಂಧಾರ (ಗ) ವಾದಿ, ಅಂದರೆ ರಾಗದ ಪ್ರಧಾನ ಸ್ವರ; ದೇಶಕಾರದಲ್ಲಿ ಧೈವತ (ಧ) ವಾದಿ. ಅದು ಸಂಜೆಯದು, ಇದು ಬೆಳಗಿನದು. ಸ್ವರಗಳು ಅವೇ ಆಗಿದ್ದರೂ ರಾಗ ಬೇರೆಯಾಗುವುದು ಹೇಗೆ ಎಂಬುದನ್ನು ಕಿವಿಯಿಂದಲೇ ಕಂಡುಕೊಳ್ಳಲು ಇಷ್ಟು ಒಳ್ಳೆಯ ಜೋಡಿ ಸಿಗುವುದು ಅಪರೂಪ. ಆದರೆ ತರಗತಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಎರಡೆರಡು ಸಲ ಕೇಳಿಸಿದರೂ ಇಲ್ಲ.

ಗುಟ್ಟು ಹೊರಬಂದದ್ದು ಆಕಸ್ಮಿಕವಾಗಿ. ಭೂಪಾಲಿಯ ಧ್ವನಿಮುದ್ರಿಕೆ ನಿಲ್ಲಿಸಿ ‘ಇದರ ಷಡ್ಜವನ್ನು ಗುನುಗಿ’ ಎಂದಾಗ ಒಬ್ಬ ವಿದ್ಯಾರ್ಥಿ ಆಧಾರ ಸ್ವರವಾದ ‘ಸ’ದ ಬದಲು ಗಾಂಧಾರವನ್ನು ಗುನುಗಿದ. ಅವನು ಅಪಶ್ರುತಿಯಲ್ಲಿ ಇರಲಿಲ್ಲ, ಗಾಂಧಾರ ಶುದ್ಧವಾಗಿಯೇ ಇತ್ತು. ಅವನ ಕಿವಿ ಅದನ್ನೇ ಆಧಾರವೆಂದು ನಂಬಿತ್ತು. ಭೂಪಾಲಿಯ ಸ್ವರಗಳಲ್ಲಿ ಗಾಂಧಾರವನ್ನು ಷಡ್ಜವಾಗಿ ಹಿಡಿದರೆ ಸಿಗುವುದು ಮಾಲ್‌ಕೌಂಸ್‌ನ ಸ್ವರಗಳು, ಕರ್ನಾಟಕ ಪದ್ಧತಿಯ ಹಿಂದೋಳ. ಅಂದರೆ ಅವನು ಕೇಳುತ್ತಿದ್ದದ್ದು ಬೇರೆಯದೇ ಒಂದು ಸ್ವರಲೋಕ. ಇದಕ್ಕೆ ಕಾರಣ ಅವನ ಕಿವಿಯಲ್ಲ, ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರ್. ಅದರಿಂದ ಷಡ್ಜವನ್ನು ಹಿಡಿದಿಡುವ ತಂಬೂರಿ ಕೇಳಿಸುತ್ತಲೇ ಇರಲಿಲ್ಲ. ತಂಬೂರಿ ಕೇಳಿಸದಿದ್ದರೆ ಷಡ್ಜವೆಲ್ಲಿ? ಷಡ್ಜವಿಲ್ಲದೆ ವಾದಿಯೆಲ್ಲಿ?

ಅಧ್ಯಾಪಕಿ ಆ ಪಾಠವನ್ನು ಅಲ್ಲಿಗೇ ನಿಲ್ಲಿಸಿದರು. ಪಠ್ಯ ಮುಗಿಸುವ ಅವಸರದಲ್ಲಿ ಮುಂದೆ ಸಾಗದೆ ನಿಂತದ್ದು ದಿಟ್ಟ ನಿರ್ಧಾರ ಎಂದು ನನಗನ್ನಿಸುತ್ತದೆ. ಮುಂದಿನ ವಾರ ಕಿಟಕಿ ಬಾಗಿಲು ಸರಿಯಾಗಿ ಮುಚ್ಚುವ ಸಣ್ಣ ಕೋಣೆ, ಎರವಲು ತಂದ ಒಂದು ಜೊತೆ ಒಳ್ಳೆಯ ಸ್ಪೀಕರ್. ಮೊದಲ ಕೆಲಸ ರಾಗವಲ್ಲ, ಬರೀ ತಂಬೂರಿ. ಪಂಚಮ, ಎರಡು ಸಾರಣೆ, ಮಂದ್ರ ಎಂಬ ಅದರ ನಾಲ್ಕು ತಂತಿಗಳು. ಕೆಲವು ನಿಮಿಷ ಅಷ್ಟನ್ನೇ ಕೇಳಿ ಎಲ್ಲರೂ ಷಡ್ಜವನ್ನು ಮೆಲ್ಲಗೆ ಗುನುಗಿದರು. ಆಮೇಲೆ ಭೂಪಾಲಿ, ಆಮೇಲೆ ದೇಶಕಾರ್. ಪ್ರಶ್ನೆ ಒಂದೇ: ಹಾಡುಗಾರರು ಎಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಾರೆ, ಷಡ್ಜಕ್ಕೆ ಹತ್ತಿರವೋ ದೂರವೋ? ದೇಶಕಾರ್ ಮೇಲಿನ ಭಾಗದಲ್ಲಿ ಓಡಾಡುತ್ತದೆ, ಧೈವತದ ಮೇಲೆ ತಂಗುತ್ತದೆ ಎಂಬುದನ್ನು ತರಗತಿಯ ಹೆಚ್ಚಿನವರು ತಮ್ಮದೇ ಮಾತುಗಳಲ್ಲಿ ಹೇಳಿದರು. ‘ಇದು ಅಟ್ಟದ ಮೇಲೆ ವಾಸ ಮಾಡುವ ರಾಗ’ ಎಂದು ಒಬ್ಬಳು ಬರೆದಿದ್ದಳು.

ರಾಗಗಳಿಗೆ ಅವರು ಆಯ್ದದ್ದು ಹೆಚ್ಚಾಗಿ 78 ಆರ್‌ಪಿಎಂ ಕಾಲದ ಗ್ರಾಮಫೋನ್ ತಟ್ಟೆಗಳ ಮುದ್ರಣಗಳು. ಒಂದು ಬದಿಗೆ ಮೂರು ಮೂರೂವರೆ ನಿಮಿಷ ಮಾತ್ರ ಹಿಡಿಯುತ್ತಿದ್ದ ಕಾಲದಲ್ಲಿ ಅಬ್ದುಲ್ ಕರೀಂ ಖಾನರಂಥ ಹಿಂದೂಸ್ತಾನಿ ಗಾಯಕರು ಆ ಅಳತೆಯೊಳಗೇ ರಾಗದ ಮುಖವನ್ನು ತೋರಿಸಬೇಕಾಗಿತ್ತು. ಮರಳಿ ಮರಳಿ ಕೇಳಿಸಲು ಆ ಅಳತೆ ಹೇಳಿ ಮಾಡಿಸಿದಂತಿದೆ. ಹಳೆಯ ತಟ್ಟೆಯ ಗರಗರ ಶಬ್ದಕ್ಕೆ ವಿದ್ಯಾರ್ಥಿಗಳು ಮೊದಮೊದಲು ಮುಖ ಸಿಂಡರಿಸಿದರೂ ಬೇಗ ಒಗ್ಗಿಕೊಂಡರು.

ಅಂಕ ಕೊಡುವುದು ಹೇಗೆ

ವಿಭಾಗಕ್ಕೆ ಲಿಖಿತ ಪರೀಕ್ಷೆ ಬೇಕೇ ಬೇಕಿತ್ತು. ಕೇಳುವಿಕೆಗೆ ಅಂಕ ಕೊಟ್ಟರೆ ಪುನರ್ಮೌಲ್ಯಮಾಪನದಲ್ಲಿ ಏನು ತೋರಿಸುತ್ತೀರಿ ಎಂಬುದು ಅವರ ಆಕ್ಷೇಪ. ನ್ಯಾಯವಾದ ಆಕ್ಷೇಪವೇ. ಅಧ್ಯಾಪಕಿ ಕಂಡುಕೊಂಡ ದಾರಿ ಕಾಲರೇಖೆ. ಉತ್ತರಪತ್ರಿಕೆಯಲ್ಲಿ ಅಡ್ಡಲಾಗಿ ಒಂದು ಗೆರೆ, ಅದರ ಮೇಲೆ ಅರ್ಧ ಅರ್ಧ ನಿಮಿಷಕ್ಕೆ ಗುರುತು. ಪರೀಕ್ಷಾ ಕೊಠಡಿಯಲ್ಲಿ ಮೂರು ನಿಮಿಷದ ಅಪರಿಚಿತ ಸಂಗೀತವನ್ನು ಕೆಲವು ಸಲ ಹಾಕುತ್ತಾರೆ. ವಿದ್ಯಾರ್ಥಿ ಎಲ್ಲೆಲ್ಲಿ ಏನೇನು ಬದಲಾಯಿತೆಂದು ಗೆರೆಯ ಮೇಲೆ ಗುರುತು ಹಾಕಿ, ಪ್ರತಿ ಗುರುತಿಗೆ ಒಂದೆರಡು ವಾಕ್ಯ ಬರೆಯಬೇಕು. ಶಾಸ್ತ್ರದ ಪದ ಗೊತ್ತಿಲ್ಲದಿದ್ದರೆ ತನ್ನ ಮಾತಿನಲ್ಲಿ ಬರೆದರೂ ಅಂಕ ಕಡಿತವಿಲ್ಲ. ಗುರುತು ಹಾಕಿದ ಜಾಗದಲ್ಲಿ ನಿಜವಾಗಿ ಬದಲಾವಣೆ ಇದೆಯೇ ಎಂಬುದನ್ನು ಯಾವ ಮೌಲ್ಯಮಾಪಕರು ಬೇಕಾದರೂ ಧ್ವನಿಮುದ್ರಿಕೆ ಹಾಕಿ ಪರಿಶೀಲಿಸಬಹುದು. ಇದಕ್ಕೆ ಅರ್ಧ ಅಂಕ, ಉಳಿದರ್ಧ ಹಳೆಯ ರೀತಿಯ ಪ್ರಶ್ನೆಗಳಿಗೆ ಎಂಬ ರಾಜಿಯಾಯಿತು.

ಫಲ

ಸೆಮಿಸ್ಟರಿನ ಕೊನೆಯಲ್ಲಿ ಮೊದಲಿನ ಆಲಾಪನೆಯ ಧ್ವನಿಮುದ್ರಿಕೆಯಂಥದ್ದೇ ಇನ್ನೊಂದನ್ನು ಹಾಕಿದಾಗ ಮೃದಂಗದ ಪೆಟ್ಟನ್ನು ತಪ್ಪಿಸಿಕೊಂಡವರು ಬೆರಳೆಣಿಕೆಯಷ್ಟು ಮಂದಿ. ಎಲ್ಲರೂ ಶಾಸ್ತ್ರೀಯ ಸಂಗೀತದ ಪ್ರೇಮಿಗಳಾದರೇ? ಇಲ್ಲ. ‘ನನಗೆ ಈಗಲೂ ಆಲಾಪನೆ ದೀರ್ಘವಾಯಿತು ಅನ್ನಿಸುತ್ತದೆ, ಆದರೆ ಎಲ್ಲಿಂದ ದೀರ್ಘವಾಯಿತು ಎಂದು ಹೇಳಬಲ್ಲೆ’ ಎಂದು ಸಂಖ್ಯಾಶಾಸ್ತ್ರದ ಆ ವಿದ್ಯಾರ್ಥಿನಿ ಬರೆದಳು. ಅಧ್ಯಾಪಕಿಗೆ ಇದು ಸೋಲು ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ. ರಸಗ್ರಹಣ ಪತ್ರಿಕೆ ಅಭಿರುಚಿಯನ್ನು ಹೇರುವುದಕ್ಕೆ ಇಲ್ಲ. ಕಾರಣ ಕೊಟ್ಟು ಬೇಡ ಎನ್ನಬಲ್ಲ ಕೇಳುಗ, ಕಾರಣವಿಲ್ಲದೆ ತಲೆದೂಗುವ ಕೇಳುಗನಿಗಿಂತ ಸಂಗೀತಕ್ಕೆ ಹೆಚ್ಚು ಬೇಕಾದವನು.

ಇತರರು ಇಲ್ಲಿಂದ ಎತ್ತಿಕೊಳ್ಳಬಹುದಾದದ್ದರಲ್ಲಿ ಪ್ರಶ್ನೆಯ ಸ್ವರೂಪವೇ ಮುಖ್ಯ. ಕೃತಿಗಳ ಪಟ್ಟಿಯನ್ನು ಯಾರು ಬೇಕಾದರೂ ತಮ್ಮ ತಮ್ಮ ಸಂಗೀತಕ್ಕೆ ತಕ್ಕಂತೆ ಬದಲಿಸಿಕೊಳ್ಳಬಹುದು. ಆದರೆ ‘ಹೇಗನ್ನಿಸಿತು’ ಎಂದು ಕೇಳಿದರೆ ಮಾತು ಕೇಳುಗನ ಕಡೆಗೆ ಹೋಗುತ್ತದೆ, ‘ಏನು ಬದಲಾಯಿತು’ ಎಂದು ಕೇಳಿದರೆ ಸಂಗೀತದ ಕಡೆಗೆ ಬರುತ್ತದೆ. ಅನ್ನಿಸಿದ್ದನ್ನು ಕೇಳಲೇಬಾರದೆಂದಲ್ಲ. ಬೊಲೆರೊದ ಆ ಜಿಗಿತದ ಕ್ಷಣವನ್ನು ಹಿಡಿದ ಮೇಲೆ ಅವರೆಲ್ಲ ತಾವಾಗಿಯೇ ಮೈ ಜುಮ್ಮೆಂದ ಬಗ್ಗೆ ಮಾತನಾಡಿದರು, ಮತ್ತು ಆ ಮಾತಿಗೆ ಒಂದು ನೆಲೆ ಇತ್ತು. ಸ್ಪೀಕರಿನ ಪ್ರಸಂಗವನ್ನೂ ಹಗುರವಾಗಿ ತೆಗೆದುಕೊಳ್ಳಬಾರದು. ‘ಈ ಹುಡುಗರಿಗೆ ರಾಗಜ್ಞಾನ ಬರುವುದಿಲ್ಲ’ ಎಂದು ತೀರ್ಮಾನಿಸುವ ಮುನ್ನ ಹಿಂದಿನ ಬೆಂಚಿನಲ್ಲಿ ಕುಳಿತು ತಂಬೂರಿ ಅಲ್ಲಿಗೆ ಕೇಳಿಸುತ್ತದೆಯೇ ಎಂದು ನೋಡಿದರೆ ಒಳ್ಳೆಯದು.

ಬಗೆಹರಿಯದೆ ಉಳಿದದ್ದು

ಹಿಂದೂಸ್ತಾನಿಯ ನಿಧಾನಗತಿಯ ಗಾಯನ ಪ್ರಕಾರವಾದ ವಿಲಂಬಿತ ಖಯಾಲ್ ಕೈಗೆ ಹತ್ತಲಿಲ್ಲ. ಹನ್ನೆರಡು ಮಾತ್ರೆಯ ಏಕ್‌ತಾಲ್ ಅತಿ ವಿಲಂಬಿತದಲ್ಲಿ ಸಾಗುವಾಗ ಒಂದು ಆವರ್ತನಕ್ಕೇ ಒಂದು ನಿಮಿಷದ ಹತ್ತಿರ ಬೇಕಾಗುತ್ತದೆ. ಅಷ್ಟು ದೊಡ್ಡ ಸುತ್ತನ್ನು ಹಿಡಿದಿಡಲು ಮೂರು ನಿಮಿಷದ ಅಭ್ಯಾಸಗಳು ಸಾಲಲಿಲ್ಲ. ಮುಖಡಾ (ಹಾಡಿನ ಮೊದಲ ತುಣುಕು) ಮರಳಿ ಸಮಕ್ಕೆ (ತಾಳದ ಮೊದಲ ಮಾತ್ರೆಗೆ) ಬಂದು ಸೇರುವ ಕ್ಷಣವನ್ನಷ್ಟೇ ಕಾಯುವಂತೆ ಹೇಳಿದಾಗ ಕೆಲವರು ದಡ ಸೇರಿದರು, ಹಲವರು ನಡುವೆಯೇ ಕೈಬಿಟ್ಟರು. ಬದಲಾವಣೆಯನ್ನು ಹುಡುಕಲು ಕಲಿಸಿದ ಕಿವಿಗೆ, ಬಹಳ ನಿಧಾನವಾಗಿ ಬದಲಾಗುವ ಸಂಗೀತವನ್ನು ಹೇಗೆ ಪರಿಚಯಿಸುವುದು ಎಂಬ ಪ್ರಶ್ನೆಗೆ ಅಧ್ಯಾಪಕಿಯ ಬಳಿ ಇನ್ನೂ ಉತ್ತರವಿಲ್ಲ.

ಪತ್ರಿಕೆಗೆ ಬೇಡಿಕೆ ಏರಿರುವುದರಿಂದ ಮುಂದಿನ ವರ್ಷ ನೂರು ವಿದ್ಯಾರ್ಥಿಗಳನ್ನು ಒಂದೇ ಸಭಾಂಗಣದಲ್ಲಿ ಕೂರಿಸಿ ಕಲಿಸಿ ಎಂಬ ಸೂಚನೆ ಅವರಿಗೆ ಬಂದಿದೆ. ಅಷ್ಟು ಜನರ ನಡುವೆ ಯಾರ ಕೈ ತಡವಾಗಿ ಎದ್ದಿತು ಎಂದು ಕಾಣುವುದಿಲ್ಲ, ಆದ್ದರಿಂದ ಮೂರು ವಿಭಾಗ ಮಾಡಿ ಕೊಡಿ, ಮೂರನ್ನೂ ನಾನೇ ತೆಗೆದುಕೊಳ್ಳುತ್ತೇನೆ ಎಂದು ಅವರು ಬರೆದುಕೊಟ್ಟಿದ್ದಾರೆ. ಇದನ್ನು ಬರೆಯುವ ಹೊತ್ತಿಗೆ ತೀರ್ಮಾನವಾಗಿಲ್ಲ.